ಓಟಿಗೆ ಲೆಕ್ಕವಿಲ್ಲ, ಘೋಷಣೆಗೆ ಬರವಿಲ್ಲ!

ಲೋಕಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳಿಕೊಟ್ಟವರು ತಾವೇ ಎಂದು ಬೀಗುವ ಬ್ರಿಟನ್ನಿನ ಲೆಕ್ಕಾಚಾರ ಒಮ್ಮೆ ನೋಡಿ. 2024ರ ಜುಲೈ 4ರ ಸಾರ್ವತ್ರಿಕ ಚುನಾವಣೆ. ಲೇಬರ್ ಪಕ್ಷಕ್ಕೆ ಬಿದ್ದ ಓಟು ನೂರಕ್ಕೆ 33.7. ಸಿಕ್ಕ ಸ್ಥಾನ 650ರಲ್ಲಿ 411! ನೈಜೆಲ್ ಫರಾಜ್‌ನ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಓಟು, ಸ್ಥಾನ ಬರೀ 5. ಅದಕ್ಕಿಂತ ಸುಮಾರು 6 ಲಕ್ಷ ಓಟು ಕಡಿಮೆ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ಇದನ್ನು ಮತ ಎಣಿಕೆ ಅನ್ನಬೇಕೋ, ಲಾಟರಿ ಅನ್ನಬೇಕೋ?

ಫರಾಜ್ ಗುಂಪಿನ ಮೇಲೆ ನಮಗೆ ಕಿಂಚಿತ್ತೂ ಪ್ರೀತಿಯಿಲ್ಲ. ಹೊರಗಿನಿಂದ ಬಂದವರನ್ನು ತೋರಿಸಿ ಒಳಗಿನವರನ್ನು ಹೆದರಿಸುವುದೇ ಆ ಮನುಷ್ಯನ ಜೀವಮಾನದ ಕಸುಬು. ಆದರೆ ನಮಗಾಗದವನ ಓಟನ್ನೂ ಸರಿಯಾಗಿ ಎಣಿಸದಿದ್ದರೆ ಅದೆಂಥ ನ್ಯಾಯ? 2015ರಲ್ಲಿ ಆತನ ಹಳೇ ಪಕ್ಷ ಯುಕಿಪ್ 38 ಲಕ್ಷ ಓಟು ತೆಗೆದುಕೊಂಡು ಒಂದೇ ಒಂದು ಸ್ಥಾನ ಗೆದ್ದಿತ್ತು. ಅದರ ಅರ್ಧದಷ್ಟೂ ಓಟಿಲ್ಲದ ಸ್ಕಾಟಿಷ್ ನ್ಯಾಷನಲ್ ಪಕ್ಷಕ್ಕೆ 56. ಹಾಗೆ ಬಾಗಿಲಾಚೆ ನಿಂತ 38 ಲಕ್ಷ ಜನ ಮನೆಗೆ ಹೋಗಿ ಮುಸುಕು ಹಾಕಿ ಮಲಗುತ್ತಾರೆಯೇ? ಮರುವರ್ಷ ಜೂನ್ 23ಕ್ಕೆ ಯೂರೋಪಿನ ಬಗ್ಗೆ ಜನಮತಗಣನೆ ಬಂತು. ಅಲ್ಲಿ ಎಲ್ಲ ಓಟಿಗೂ ಒಂದೇ ತೂಕ. ಅಷ್ಟು ದಿನ ಕಟ್ಟಿಟ್ಟಿದ್ದ ಸಿಟ್ಟೂ ಅಲ್ಲಿ ಹೊರಬಿತ್ತು. ಸಂಸತ್ತಿನಲ್ಲಿ ಒಂದೇ ಕುರ್ಚಿಯಿದ್ದ ಪಕ್ಷದ ಬೇಡಿಕೆ 52-48ರಲ್ಲಿ ಗೆದ್ದುಬಿಟ್ಟಿತು!

ಅವರ ಪದ್ಧತಿ ಕುದುರೆ ಜೂಜಿನದು. ಕ್ಷೇತ್ರದಲ್ಲಿ ಒಂದು ಓಟು ಹೆಚ್ಚು ಬಂದವನು ಗೆದ್ದ, ಮಿಕ್ಕವರ ಓಟೆಲ್ಲ ಕಸದಬುಟ್ಟಿಗೆ. 2024ರಲ್ಲಿ ಲಂಡನ್ನಿನ ಹೆಂಡನ್ ಕ್ಷೇತ್ರ ಬರೀ 15 ಓಟಿನಲ್ಲಿ ತೀರ್ಮಾನವಾಯಿತು. ಹೀಗಾಗಿ ದೊಡ್ಡ ಪಕ್ಷಗಳಿಗೆ ಇಡೀ ದೇಶ ಬೇಕಿಲ್ಲ. ಅತ್ತಿತ್ತ ಓಲಾಡುವ ಕೆಲವು ಕ್ಷೇತ್ರಗಳ ಕೆಲವು ಸಾವಿರ ಜನ ಸಾಕು. ಅವರನ್ನು ಸೆಳೆಯಲು ಬಜೆಟ್ ವಿವರಿಸುತ್ತಾ ಕೂರುವವರು ಯಾರು? ಬಾವುಟ ಸುತ್ತಿದ ನಾಲ್ಕು ಪದ ಇದ್ದರಾಯಿತು.

ಈ ಚಾಳಿ ಬಲಪಂಥದವರ ಸ್ವಂತ ಆಸ್ತಿ ಎಂದುಕೊಳ್ಳಬೇಡಿ. 'ಬ್ರಿಟಿಷರ ಕೆಲಸ ಬ್ರಿಟಿಷರಿಗೇ' ಎಂದು 2007ರಲ್ಲಿ ವೇದಿಕೆಯಲ್ಲಿ ಗುಡುಗಿದ್ದು ಲೇಬರ್ ಪ್ರಧಾನಿ ಗಾರ್ಡನ್ ಬ್ರೌನ್. ಕೆಲಸ ಕೇಳುವುದು ತಪ್ಪಲ್ಲ, ಅದು ಯಾವ ನೆಲದವನಿಗೂ ಸಲ್ಲುವ ಮಾತು. ಆದರೆ ಅವತ್ತಿನ ಯೂರೋಪ್ ಕಾನೂನಿನಲ್ಲಿ ಇಟಲಿಯವನನ್ನು ತಡೆಯಲು ಬ್ರೌನ್ ಕೈಯಲ್ಲಿ ಏನೂ ಇರಲಿಲ್ಲ. ಅದು ಆತನಿಗೂ ಗೊತ್ತಿತ್ತು! 2009ರಲ್ಲಿ ಲಿಂಡ್ಸೆ ತೈಲ ಶುದ್ಧೀಕರಣ ಘಟಕದ ಕಾರ್ಮಿಕರು ಅದೇ ಮಾತನ್ನು ಫಲಕಕ್ಕೆ ಬರೆದು ಮುಷ್ಕರಕ್ಕಿಳಿದಾಗ ಪ್ರಧಾನಿಗೆ ಕೊಡಲು ಉತ್ತರವಿರಲಿಲ್ಲ. 2015ರಲ್ಲಿ ಇದೇ ಲೇಬರ್ ಪಕ್ಷ 'ವಲಸೆಗೆ ಕಡಿವಾಣ' ಎಂದು ಚಹಾದ ಮಗ್ಗಿನ ಮೇಲೆ ಅಚ್ಚು ಹಾಕಿಸಿ ಮಾರಿತು. ಚಹಾ ಎಲ್ಲಿಂದ ವಲಸೆ ಬಂತೋ, ಕೇಳುವವರಿಲ್ಲ.

ಇನ್ನು ನಮ್ಮ ಬೆಂಗಳೂರಿನ ಅಳಿಯನ ಕಥೆ. 2022ರ ಅಕ್ಟೋಬರ್‌ನಲ್ಲಿ ರಿಷಿ ಸುನಕ್ ಪ್ರಧಾನಿಯಾದಾಗ ನಾವು ಇಲ್ಲಿ ಪಟಾಕಿ ಹೊಡೆದಿದ್ದೇ ಹೊಡೆದಿದ್ದು. ಪೂರ್ವ ಆಫ್ರಿಕಾದಿಂದ ವಲಸೆ ಬಂದ ಭಾರತೀಯ ಮೂಲದ ತಂದೆ ತಾಯಿಯ ಮಗ, ನಾರಾಯಣ ಮೂರ್ತಿಯವರ ಮನೆಯ ಅಳಿಯ. ಆತ ಏನು ಮಾಡಿದರು? ಮಾತಿಗೆ ನಿಲ್ಲುವ ಮೇಜಿಗೇ 'ದೋಣಿಗಳನ್ನು ನಿಲ್ಲಿಸಿ' ಎಂಬ ಬೋರ್ಡು ಅಂಟಿಸಿಕೊಂಡರು. 2023ರಲ್ಲಿ ಕಡಲುಗಾಲುವೆ ದಾಟಿ ದೋಣಿಯಲ್ಲಿ ಬಂದವರು 30 ಸಾವಿರದೊಳಗೆ. ಅದೇ ವರ್ಷದ ಮಧ್ಯದ ಹೊತ್ತಿಗೆ ಹೊರಹೋದವರನ್ನು ಕಳೆದು ದೇಶಕ್ಕೆ ಸೇರಿದವರ ಸಂಖ್ಯೆ ವರ್ಷಕ್ಕೆ 9 ಲಕ್ಷ ದಾಟಿತ್ತು. ಅವರಲ್ಲಿ ಬಹುಪಾಲು ಜನರಿಗೆ ವೀಸಾ ಒತ್ತಿದ್ದು ಆ ಸರ್ಕಾರವೇ! ಆಸ್ಪತ್ರೆಗೆ ನರ್ಸು ಬೇಕು, ವೃದ್ಧರನ್ನು ನೋಡಿಕೊಳ್ಳಲು ಆಳು ಬೇಕು, ವಿಶ್ವವಿದ್ಯಾಲಯಗಳಿಗೆ ನಮ್ಮ ಹುಡುಗರ ಫೀಸು ಬೇಕು. ಇದನ್ನು ಜನರ ಮುಂದೆ ಹೇಳುವ ಎದೆಗಾರಿಕೆ ಮಾತ್ರ ಬೇಡ.

ಕೊನೆಗೆ ಬರೆ ಬಿದ್ದದ್ದು ಯಾರ ಮೇಲೆ? 2024ರ ಜನವರಿಯಿಂದ ಬಹುತೇಕ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮಾರ್ಚಿನಿಂದ ಆರೈಕೆ ಕೆಲಸದವರೂ ತರುವಂತಿಲ್ಲ. ಏಪ್ರಿಲ್‌ನಿಂದ ನುರಿತ ಕೆಲಸಗಾರರ ವೀಸಾಕ್ಕೆ ವರ್ಷದ ಸಂಬಳ 26,200 ಪೌಂಡಿನಿಂದ 38,700ಕ್ಕೆ ಜಿಗಿಯಿತು. 2016ರಲ್ಲಿ ಪ್ರೀತಿ ಪಟೇಲ್ ಮೇಡಂ ಏನು ಹೇಳಿದ್ದರು? ಯೂರೋಪ್ ಬಿಟ್ಟರೆ ನಮ್ಮ ಕಡೆಯ ಅಡುಗೆಯವರಿಗೆ ದಾರಿ ಸಲೀಸಾಗುತ್ತದೆ, ಕರಿ ಹೋಟೆಲುಗಳು ಉಳಿಯುತ್ತವೆ ಅಂತ! ನಂಬಿ ಓಟು ಹಾಕಿದ ಹೋಟೆಲಿನವರು ಆ ಸಂಬಳ ಎಲ್ಲಿಂದ ತರಬೇಕಿತ್ತು?

ಸುನಕ್ ಹೋದರು, ಲೇಬರಿನ ಕೀರ್ ಸ್ಟಾರ್ಮರ್ ಬಂದರು. 2025ರ ಮೇ ತಿಂಗಳಲ್ಲಿ ಅವರೂ 'ಅಪರಿಚಿತರ ದ್ವೀಪ'ವಾಗುತ್ತಿದ್ದೇವೆ ಎಂದರು, ಜೂನ್‌ನಲ್ಲಿ ಹಾಗೆ ಹೇಳಬಾರದಿತ್ತು ಎಂದರು. ಎಣಿಕೆಯ ಪದ್ಧತಿ ಬದಲಿಸಿ, ಓಟಿಗೆ ತಕ್ಕ ಸ್ಥಾನ ಕೊಡಿ ಎಂದು 2022ರ ಲೇಬರ್ ಸಮ್ಮೇಳನವೇ ನಿರ್ಣಯ ಮಾಡಿತ್ತು. ನಾಯಕರು ಕಿವಿಗೆ ಹಾಕಿಕೊಳ್ಳಲಿಲ್ಲ. ನೂರಕ್ಕೆ 34ರಲ್ಲಿ ಗದ್ದುಗೆ ಸಿಗುವಾಗ ಯಾರಿಗೆ ಬೇಕು ನ್ಯಾಯ! ಆದರೆ ಇದೇ ಜೂಜು ನಾಳೆ ಫರಾಜ್‌ಗೂ ಒಲಿಯಬಹುದು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಆತನ ಪಕ್ಷ 10 ಕೌನ್ಸಿಲ್ ಹಿಡಿಯಿತು. ಆಗ ಲೇಬರಿನವರು ಬಾಯಿ ಬಡಿದುಕೊಂಡರೆ ಕೇಳುವವರು ಯಾರು?

ನಾವೂ ನಗುವಂತಿಲ್ಲ ಬಿಡಿ. ಇದೇ ಕುದುರೆ ಜೂಜನ್ನು ಅವರಿಂದ ತಂದು ನಮ್ಮ ಕೊಟ್ಟಿಗೆಯಲ್ಲೂ ಕಟ್ಟಿಕೊಂಡಿದ್ದೇವೆ. 2018ರ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 38, ಬಿಜೆಪಿಗೆ 36. ಮೇ ತಿಂಗಳ ಎಣಿಕೆಯಲ್ಲಿ ಸ್ಥಾನ ಮಾತ್ರ 78 ಮತ್ತು 104.

ಗೆಳೆಯರೇ, ನಿಮ್ಮ ಅಕ್ಕನೋ ತಮ್ಮನೋ ಸಹಪಾಠಿಯೋ ಅಲ್ಲಿದ್ದರೆ ಒಂದು ವಿಷಯ ತಿಳಿಸಿ. ಕಾಮನ್‌ವೆಲ್ತ್ ದೇಶದವರು ಎಂಬ ಕಾರಣಕ್ಕೆ, ವೀಸಾ ಪಡೆದು ಅಲ್ಲಿ ವಾಸವಾಗಿರುವ ಭಾರತೀಯರಿಗೆ ಸಂಸತ್ ಚುನಾವಣೆಯಲ್ಲೂ ಓಟಿದೆ. ಬ್ರಿಟಿಷ್ ಪೌರತ್ವ ಬೇಕಿಲ್ಲ. ಪೋಲೆಂಡಿನವನಿಗೆ ಇಲ್ಲದ ಹಕ್ಕು ಇದು. ಅರ್ಜಿ ಹಾಕಿ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬೇಕು, ಅಷ್ಟೇ. ಮತಗಟ್ಟೆಯಲ್ಲಿ ಗುರುತಿಗೆ ನಮ್ಮ ಪಾಸ್‌ಪೋರ್ಟೇ ನಡೆಯುತ್ತದೆ. ಹೆಂಡನ್ನಿನಲ್ಲಿ ಅಂತರ 15 ಓಟು.