ನೋವಿನ ಮಾತು ಮುಚ್ಚಿಟ್ಟು ವಂಕಿ ಹಾಕಬೇಡಿ

‘ಇರುವೆ ಕಚ್ಚಿದ ಹಾಗೆ ಆಗುತ್ತೆ ಅಷ್ಟೇ, ಮೈ ಸಡಿಲ ಬಿಡಮ್ಮ.’ ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ವಂಕಿಯನ್ನು ಹಾಕಿಸಿಕೊಳ್ಳಲು ಹೋದ ಯುವತಿಗೆ ನೋವಿನ ಬಗ್ಗೆ ಸಿಗುವ ಮಾಹಿತಿ ಬಹಳ ಸಲ ಇಷ್ಟೇ. ಕೆಲವರ ಪಾಲಿಗೆ ಆ ಮಾತು ನಿಜವೂ ಆಗುತ್ತದೆ. ಇನ್ನು ಕೆಲವರಿಗೆ ಕಣ್ಣು ಕತ್ತಲಿಡುವಷ್ಟು ನೋವಾಗುತ್ತದೆ. ಮೊದಲೇ ಗೊತ್ತಿದ್ದರೆ ಹೇಗೋ ತಡೆದುಕೊಳ್ಳಬಹುದಾಗಿದ್ದ ನೋವು, ಗೊತ್ತಿಲ್ಲದೆ ಬಂದಾಗ ಮೋಸ ಹೋದೆ ಅನ್ನಿಸುತ್ತದೆ. ಮನೆಗೆ ಬಂದು ಅಕ್ಕತಂಗಿಯರಿಗೆ, ಓರಗಿತ್ತಿಗೆ ಆಕೆ ಹೇಳುವುದು ಅದನ್ನೇ. ಕೇಳಿದ ಇನ್ನಿಬ್ಬರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ಹಾಗೆ ತಲೆ ಹಾಕದವರು ಕೊನೆಗೆ ಎಲ್ಲಿಗೆ ಹೋಗುತ್ತಾರೆ ಎಂಬುದು ಅಂಕಿಸಂಖ್ಯೆಗಳಲ್ಲಿದೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ದೇಶದ ಸರಾಸರಿ ಶೇ 37.9. ಇಡೀ ದೇಶದಲ್ಲಿ ವಂಕಿ ಬಳಸುವವರು ಶೇ 2.1 ಮಾತ್ರ. ಆಪರೇಷನ್ ಮಾಡಿಸಿಕೊಂಡ ಗಂಡಸರ ಪ್ರಮಾಣ ಶೇ 0.3. ಬೇಗ ಮದುವೆ, ಎರಡು ಹೆರಿಗೆ, ಆಪರೇಷನ್: ಇಪ್ಪತ್ತೈದರ ಆಸುಪಾಸಿಗೆ ಎಲ್ಲ ಮುಗಿದಿರುತ್ತದೆ. ಬೇಕೆಂದಾಗ ಹಾಕಿಸಿಕೊಂಡು, ಬೇಡವೆಂದಾಗ ತೆಗೆಸಬಹುದಾದ ಸಾಧನವೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದರೂ ಯುವತಿಯರು ಅದನ್ನು ದಾಟಿ ನೇರವಾಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುತ್ತಿದ್ದಾರೆ.

ಪೇಟೆಯಲ್ಲಿ ಕಾಪರ್-ಟಿ ಎಂದು ಕರೆಯುವ ಈ ವಂಕಿ ಮೂರೂವರೆ ಸೆಂಟಿಮೀಟರಿನಷ್ಟು ಉದ್ದದ ಪ್ಲಾಸ್ಟಿಕ್ ಟಿ. ಮೈಗೆ ತಾಮ್ರದ ತಂತಿ ಸುತ್ತಿರುತ್ತದೆ, ತುದಿಯಲ್ಲಿ ಎರಡು ಸಣ್ಣ ದಾರ. ತಾಮ್ರ ವೀರ್ಯಾಣುಗಳನ್ನು ನಿಶ್ಚಲಗೊಳಿಸಿ, ಅಂಡಾಣುವಿನ ಜತೆ ಸೇರದಂತೆ ತಡೆಯುತ್ತದೆ. ಇದರಲ್ಲಿ ಹಾರ್ಮೋನು ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ 380ಎ ಮಾದರಿಯ ಆಯುಷ್ಯ ಹತ್ತು ವರ್ಷ, 375ರದ್ದು ಐದು ವರ್ಷ. ಮೊದಲ ವರ್ಷ ನೂರು ಮಂದಿ ಬಳಸಿದರೆ ಒಬ್ಬರಿಗಿಂತ ಕಡಿಮೆ ಗರ್ಭ ಧರಿಸುತ್ತಾರೆ. ದಿನವೂ ನೆನಪಿಟ್ಟು ನುಂಗಬೇಕಾದ ಮಾತ್ರೆಯಲ್ಲಿ ಈ ಸಂಖ್ಯೆ ಸುಮಾರು ಏಳು. ಅಸುರಕ್ಷಿತ ಸಂಪರ್ಕವಾದ ಐದು ದಿನಗಳೊಳಗೆ ಹಾಕಿಸಿಕೊಂಡರೂ ಇದು ಗರ್ಭ ತಡೆಯುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಹಾಕುವ ಕೆಲಸಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಮುಟ್ಟು ಶುರುವಾಗಿ ಹನ್ನೆರಡು ದಿನಗಳೊಳಗೆ ಹಾಕುವುದು ರೂಢಿ. ಗರ್ಭಿಣಿಯಲ್ಲ ಎಂದು ಖಚಿತವಾದರೆ ಬೇರೆ ದಿನವೂ ಆಗುತ್ತದೆ. ಮೇಜಿನ ಮೇಲೆ ಮಲಗಿಸಿ, ಮೊಣಕಾಲು ಮಡಚಿಸಿ, ಮೊದಲು ಕೈಯಿಂದ ಒಳಪರೀಕ್ಷೆ ಮಾಡುತ್ತಾರೆ. ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೆ ಬಾಗಿದೆಯೋ ತಿಳಿಯಬೇಕು. ಆಮೇಲೆ ಸ್ಪೆಕ್ಯುಲಮ್ ಎಂಬ ಲೋಹದ ಸಾಧನ ಇಟ್ಟು ಗರ್ಭಕೋಶದ ಬಾಯಿಗೆ ಔಷಧ ಹಚ್ಚಿ ಶುಚಿ ಮಾಡುತ್ತಾರೆ. ಇಲ್ಲಿಯ ತನಕ ಮುಜುಗರ, ತಣ್ಣನೆಯ ಲೋಹ ತಾಗಿದ ಕಿರಿಕಿರಿ. ನೋವು ಬರುವುದು ಇದಾದ ಮೇಲೆ. ಗರ್ಭಕೋಶ ಅಲುಗಾಡದಂತೆ ಅದರ ಬಾಯಿಯ ಅಂಚನ್ನು ಉದ್ದ ಹಿಡಿಕೆಯ ಇಕ್ಕಳದಿಂದ ಹಿಡಿಯುವಾಗ ಚುರ್ರೆನ್ನುತ್ತದೆ. ಆಳ ಅಳೆಯಲು ತೆಳ್ಳನೆಯ ಕಡ್ಡಿಯನ್ನು ಒಳಗೆ ಬಿಟ್ಟಾಗ ಹೊಟ್ಟೆಯ ಕೆಳಭಾಗ ಹಿಂಡುತ್ತದೆ. ಕೊಳವೆಯೊಳಗೆ ಮಡಚಿಕೊಂಡಿದ್ದ ಟಿ ಒಳಗೆ ಹೋಗಿ ತೋಳು ಬಿಚ್ಚಿದಾಗ ಮತ್ತೊಮ್ಮೆ, ಮುಟ್ಟಿನ ಹೊಟ್ಟೆನೋವಿಗಿಂತ ಜೋರಾಗಿ ಸೆಳೆಯುತ್ತದೆ. ದಾರವನ್ನು ಕತ್ತರಿಸಿ ಗಿಡ್ಡ ಮಾಡುವುದರೊಂದಿಗೆ ಕೆಲಸ ಮುಗಿಯುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ತಲೆ ಸುತ್ತು, ಬೆವರು, ವಾಕರಿಕೆ ಬರುವುದುಂಟು. ತಟ್ಟನೆ ಎದ್ದು ನಿಲ್ಲಬಾರದು. ಜತೆಗೊಬ್ಬರಿದ್ದರೆ ಒಳ್ಳೆಯದು.

ಹೆರಿಗೆಯಾದವರಿಗಿಂತ ಹೆರಿಗೆಯಾಗದ ಯುವತಿಯರಿಗೆ ಈ ನೋವು ಸಾಮಾನ್ಯವಾಗಿ ಹೆಚ್ಚು. ವಿಷಾದದ ಸಂಗತಿಯೆಂದರೆ, ಎದುರಿಗೆ ನಿಂತು ವಂಕಿ ಹಾಕುವವರಿಗೇ ಅದರ ತೀವ್ರತೆ ಸರಿಯಾಗಿ ತಿಳಿಯುವುದಿಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಬ್ಬರಿಗೂ ನೂರರ ಅಳತೆಗೋಲು ಕೊಟ್ಟು ನೋವನ್ನು ಗುರುತಿಸಲು ಹೇಳಿದರು. ಹಾಕಿಸಿಕೊಂಡವರ ಸರಾಸರಿ ಸುಮಾರು 65 ಬಂತು. ಹಾಕಿದವರ ಅಂದಾಜು 35. ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2024ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಪರಿಷ್ಕರಿಸಿ, ನೋವಿನ ಬಗ್ಗೆ ಮೊದಲೇ ಮಾತನಾಡಬೇಕು, ಮರಗಟ್ಟಿಸುವ ಔಷಧ ನೆರವಾಗಬಹುದು ಎಂದಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘವೂ ಅದೇ ದಿಕ್ಕಿನಲ್ಲಿ ಸಲಹೆ ನೀಡಿತು. ಆ ಔಷಧ ನಮ್ಮಲ್ಲಿ ಅಪರೂಪದ್ದೇನಲ್ಲ. ಹೆರಿಗೆ ಕೋಣೆಯಲ್ಲಿ ಹೊಲಿಗೆ ಹಾಕುವ ಮೊದಲು ಚುಚ್ಚುವ ಲಿಗ್ನೊಕೇನ್ ಅದು. ಪಕ್ಕದ ಕೋಣೆಯ ಕಪಾಟಿನಲ್ಲಿರುವ ಔಷಧ ವಂಕಿ ಹಾಕುವ ಮೇಜಿಗೆ ಬರುವುದಿಲ್ಲವೆಂದರೆ ಅದಕ್ಕೆ ಹಣದ ಕೊರತೆ ಕಾರಣವಲ್ಲ. ಹೆಂಗಸಾದವಳು ತಡೆದುಕೊಳ್ಳಬೇಕು ಎಂಬ ಹಳೆಯ ರೂಢಿ ಕಾರಣ.

ಮನೆಗೆ ಬಂದ ಮೇಲಿನ ಕಥೆ ಬೇರೆ. ಮೊದಲ ಕೆಲವು ದಿನ ಸೆಳೆತ, ಸಣ್ಣದಾಗಿ ರಕ್ತ ಕಾಣಿಸುವುದು ಮಾಮೂಲು; ನೋವಿನ ಮಾತ್ರೆ ಕೆಲಸ ಮಾಡುತ್ತದೆ. ಮೂರರಿಂದ ಆರು ತಿಂಗಳು ಮುಟ್ಟಿನ ಸ್ರಾವ ಹೆಚ್ಚಾಗಬಹುದು, ಹೊಟ್ಟೆನೋವೂ ಜೋರಾಗಬಹುದು. ಆಮೇಲೆ ಹೆಚ್ಚಿನವರಿಗೆ ಹದಕ್ಕೆ ಬರುತ್ತದೆ. ಆದರೆ ಕರ್ನಾಟಕದಲ್ಲಿ ಈ ಮಾತನ್ನು ಹೀಗೆ ಹೇಳಿ ಮುಗಿಸುವಂತಿಲ್ಲ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 47.8ರಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ನೋಡದೆ, ಕಬ್ಬಿಣಾಂಶದ ಮಾತ್ರೆ ಕೊಡದೆ ತಾಮ್ರದ ವಂಕಿ ಹಾಕಿ ಕಳಿಸಿದರೆ ಸುಸ್ತು ಯಾವುದರಿಂದ ಬಂತೆಂದು ಆಕೆಗೆ ತಿಳಿಯುವುದಾದರೂ ಹೇಗೆ? ಸ್ರಾವ ಕಡಿಮೆ ಮಾಡುವ ಹಾರ್ಮೋನ್ ವಂಕಿಯೂ ಇದೆ. ಆದರೆ ಅದಕ್ಕೆ ಖಾಸಗಿಯಲ್ಲಿ ಸಾವಿರಗಟ್ಟಲೆ ರೂಪಾಯಿ ತೆರಬೇಕು. ಅತಿಸ್ರಾವದಿಂದ ಬಳಲುವ ಬಡ ಯುವತಿಗೇ ಅದರ ಅಗತ್ಯ ಹೆಚ್ಚು, ಅವಳಿಗೇ ಅದು ಎಟುಕುವುದಿಲ್ಲ.

ಅಪಾಯಗಳನ್ನೂ ಬಚ್ಚಿಡಬೇಕಿಲ್ಲ. ನೂರರಲ್ಲಿ ಸುಮಾರು ಐವರಿಗೆ ವಂಕಿ ತಾನಾಗಿ ಜಾರಿ ಹೊರಬರುತ್ತದೆ, ಅದೂ ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ. ಆದ್ದರಿಂದ ಮುಟ್ಟಾದ ಮೇಲೆ ದಾರ ಕೈಗೆ ಸಿಗುತ್ತದೆಯೇ ನೋಡಿಕೊಳ್ಳಬೇಕು. ಸಾವಿರದಲ್ಲಿ ಒಬ್ಬಿಬ್ಬರಿಗೆ ಗರ್ಭಕೋಶದ ಗೋಡೆಗೆ ತೂತಾಗುವುದುಂಟು. ಎದೆಹಾಲು ಕುಡಿಸುವವರಲ್ಲಿ ಈ ಸಂಭವ ಹೆಚ್ಚು. ಸೋಂಕಿನ ಸಾಧ್ಯತೆ ಮುಖ್ಯವಾಗಿ ಮೊದಲ ಮೂರು ವಾರ. ಜ್ವರ, ವಾಸನೆಯ ಬಿಳಿಸೆರಗು, ಕಡಿಮೆಯಾಗದ ಹೊಟ್ಟೆನೋವು, ಮುಟ್ಟು ನಿಂತುಹೋಗುವುದು: ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ವಂಕಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಮಾತ್ರ ಆಧಾರವಿಲ್ಲದ್ದು. ಆ ಭಯದ ಬೇರು ಅಮೆರಿಕದಲ್ಲಿದೆ. 1970ರ ದಶಕದಲ್ಲಿ ಅಲ್ಲಿ ಮಾರಾಟವಾದ ಡಾಲ್ಕನ್ ಶೀಲ್ಡ್ ಎಂಬ ಸಾಧನದ ಹೆಣೆದ ದಾರ ಸೋಂಕು ಹರಡಿ ಸಾವಿರಾರು ಹೆಂಗಸರನ್ನು ನರಳಿಸಿತು, ಅದನ್ನು ಮಾಡಿದ ಕಂಪನಿ 1985ರಲ್ಲಿ ದಿವಾಳಿ ಅರ್ಜಿ ಹಾಕಿತು. ಈಗಿನ ವಂಕಿಗಳ ದಾರ ಅಂಥದಲ್ಲ. ಮೆಕ್ಸಿಕೊ ನಗರದ 1,895 ಮಹಿಳೆಯರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ, ತಾಮ್ರದ ವಂಕಿಗೂ ಬಂಜೆತನಕ್ಕೂ ನಂಟಿಲ್ಲವೆಂದು, ನಂಟಿರುವುದು ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮಿಡಿಯ ಸೋಂಕಿಗೆಂದು ತೋರಿಸಿತು. ಹೆರಿಗೆಯಾಗದವರೂ ವಂಕಿ ಬಳಸಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಿದ್ದೂ ‘ಒಂದು ಮಗು ಆಗಲಿ, ಆಮೇಲೆ ಬಾ’ ಎಂದು ಕಳಿಸುವ ವೈದ್ಯರು ಇದ್ದಾರೆ. ಮದುವೆಯಾಗದವಳಾದರೆ ಉಪದೇಶವೂ ಸೇರಿಕೊಳ್ಳುತ್ತದೆ. ಗರ್ಭಪಾತದ ವಿಷಯದಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಗರ್ಭ ತಡೆಯುವ ವಿಷಯದಲ್ಲಿ ಆ ಭೇದಕ್ಕೆ ಇನ್ನೇನು ಅರ್ಥ?

ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಈ ದೇಶ ಒಮ್ಮೆ ಕಂಡಿದೆ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದು ಜಗತ್ತಿಗೆ ಮೇಲ್ಪಂಕ್ತಿ ಹಾಕಿದ್ದು ಮೈಸೂರು ಸಂಸ್ಥಾನ. ಅಂಥ ಚರಿತ್ರೆಯಿದ್ದ ದೇಶಕ್ಕೆ 1965ರಲ್ಲಿ ಲಿಪ್ಪೀಸ್ ಲೂಪ್ ಎಂಬ ಪ್ಲಾಸ್ಟಿಕ್ ವಂಕಿ ಬಂತು. ಗುರಿ ನಿಗದಿ ಮಾಡಿ, 1966–67ರ ಹೊತ್ತಿಗೆ ವರ್ಷಕ್ಕೆ ಸುಮಾರು 9 ಲಕ್ಷ ಮಂದಿಗೆ ಹಾಕಿದರು. ರಕ್ತಸ್ರಾವ ಆಗಬಹುದೆಂದು ಮೊದಲೇ ಹೇಳುವವರು, ಆದಾಗ ನೋಡುವವರು ಸಾಕಷ್ಟಿರಲಿಲ್ಲ. ಊರೂರಿಗೆ ಸುದ್ದಿ ಹಬ್ಬಿತು, ಮರುವರ್ಷಗಳಲ್ಲಿ ಸಂಖ್ಯೆ ಕುಸಿಯಿತು. ವಂಕಿಯ ಮೇಲೆ ಅಂದು ಅಂಟಿದ ಅಪನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2007ರಿಂದ 2011ರ ತನಕ 9,256 ಮಹಿಳೆಯರಿಗೆ ಎಲ್ಲ ವಿಧಾನಗಳನ್ನೂ ಬಿಡಿಸಿ ಹೇಳಿ, ಬೇಕಾದ್ದನ್ನು ಪುಕ್ಕಟೆ ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಮಂದಿ ಆರಿಸಿಕೊಂಡದ್ದು ವಂಕಿಯನ್ನೇ. ಒಂದು ವರ್ಷದ ನಂತರವೂ ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಅದನ್ನು ಉಳಿಸಿಕೊಂಡಿದ್ದರು.

ನಮ್ಮಲ್ಲಿ ಈಗ ಒತ್ತು ಇರುವುದು ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕುವುದರ ಮೇಲೆ. ಮತ್ತೆ ಆಸ್ಪತ್ರೆಗೆ ಬರಲಾಗದ ಬಾಣಂತಿಗೆ ಅದರಿಂದ ಅನುಕೂಲವೇ. ಆದರೆ ಬೇನೆ ತಿನ್ನುತ್ತಿರುವಾಗ ‘ಹಾಕಿಬಿಡೋಣ ಅಲ್ವೇನಮ್ಮ’ ಎಂದು ಕೇಳಿ, ಆಕೆ ‘ಹೂಂ’ ಅಂದದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಅನ್ಯಾಯ. ಆ ಮಾತು ಆಗಬೇಕಾದದ್ದು ಬಸುರಿನ ತಪಾಸಣೆಗೆ ಬಂದಾಗ, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಕೂತಿರುವಾಗ. ಒಪ್ಪಿಗೆ ಕೊಡಬೇಕಾದವಳು ಅವಳೇ. ಗಂಡನ ಸಹಿ ಬೇಕೆಂಬ ಕಾನೂನು ಇಲ್ಲ.

ತೆಗೆಸುವುದಕ್ಕೂ ಅಷ್ಟೇ. ದಾರ ಹಿಡಿದು ಎಳೆದರೆ ಒಂದು ನಿಮಿಷದಲ್ಲಿ ವಂಕಿ ಹೊರಬರುತ್ತದೆ, ಗರ್ಭ ಧರಿಸುವ ಶಕ್ತಿ ಕೂಡಲೇ ಮರಳುತ್ತದೆ. ‘ಇನ್ನೆರಡು ತಿಂಗಳು ನೋಡು’ ಎಂಬ ಸಲಹೆಯನ್ನು ವೈದ್ಯರು ಒಮ್ಮೆ ಕೊಡಲಿ. ಆಕೆ ಬೇಡವೆಂದರೆ ಅದೇ ದಿನ ತೆಗೆದುಕೊಡಬೇಕು, ಕಾರಣ ಕೇಳಿ ಸತಾಯಿಸಬಾರದು. ಹಾಕುವ ಮುನ್ನ ನೋವಿನ ಬಗ್ಗೆ ಹೇಳುವುದು, ಮರಗಟ್ಟಿಸುವ ಔಷಧ ಬೇಕೇ ಎಂದು ಕೇಳುವುದು, ಹಿಮೋಗ್ಲೋಬಿನ್ ನೋಡುವುದು, ಕೇಳಿದ ದಿನವೇ ತೆಗೆದುಕೊಡುವುದು: ಆರೋಗ್ಯ ಇಲಾಖೆ ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಬರೆದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಅದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.