ಟಿ.ವಿ. ಅಂಗಡಿಗೆ ಹೊರಡುವ ಮೊದಲು ಒಂದು ಸ್ಕೇಲು

ದಸರಾ ಸಮೀಪಿಸಿದರೆ ಸಾಕು, ಪತ್ರಿಕೆಗಳ ತುಂಬ ಟಿ.ವಿ. ಜಾಹೀರಾತುಗಳು. ಅದರ ಜೊತೆಗೇ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ಜಗಳವೂ ಶುರುವಾಗುತ್ತದೆ. ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗೋಡೆಯ ಮೇಲೆ ಏಳೆಂಟು ವರ್ಷ ಹಳೆಯದಾದರೂ ಚೆನ್ನಾಗಿಯೇ ಓಡುತ್ತಿರುವ 43 ಇಂಚಿನ ಫುಲ್ ಎಚ್‌ಡಿ ಟಿ.ವಿ. ಎದುರಿಗೆ ಹತ್ತು ಅಡಿ ದೂರದಲ್ಲಿ ಸೋಫಾ. ಪಿ.ಯು.ಸಿ. ಓದುತ್ತಿರುವ ಮಗನಿಗೆ 55 ಇಂಚಿನ 4ಕೆ ಟಿ.ವಿ. ಬೇಕು, ಸ್ನೇಹಿತನ ಮನೆಗೆ ಬಂದಿದೆಯಂತೆ! ಅಪ್ಪನಿಗೆ ಕಂತಿನ ಲೆಕ್ಕ. ಏಳನೆಯ ತರಗತಿಯ ಮಗಳು ಸೋಫಾ ಬಿಟ್ಟು ಟಿ.ವಿ.ಯಿಂದ ಮೂರೇ ಅಡಿ ದೂರದಲ್ಲಿ ನೆಲದ ಮೇಲೆ ಕುಳಿತು ನೋಡುತ್ತಾಳೆ. ದೊಡ್ಡದು ಬಂದರೆ ಹಿಂದೆ ಸರಿಯುತ್ತಾಳೆ ಎಂಬುದು ಅಮ್ಮನ ವಾದ. ಅಜ್ಜಿಯದು ಮಾತ್ರ ಬೇರೆಯೇ ದೂರು. “ಏನು ಮಾತಾಡ್ತಾರೋ ಒಂದೂ ಗೊತ್ತಾಗೋದಿಲ್ಲ. ಬರೀ ಗದ್ದಲ.”

ಈ ಮನೆಗೆ ಹೊಸ ಟಿ.ವಿ. ಬೇಕೆ? ಅಂಗಡಿಯವನನ್ನು ಕೇಳಿದರೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅದಕ್ಕಿಂತ ಮೊದಲು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಸ್ಕೇಲನ್ನು ಕೇಳುವುದು ಒಳ್ಳೆಯದು.

ಟಿ.ವಿ. ಚಿತ್ರವೆಂದರೆ ಲಕ್ಷಾಂತರ ಬಣ್ಣದ ಚುಕ್ಕಿಗಳ ರಂಗೋಲಿ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. 1982ರಲ್ಲಿ ದೂರದರ್ಶನ ಬಣ್ಣದಲ್ಲಿ ಮೂಡತೊಡಗಿದಾಗ ಚಿತ್ರವೊಂದಕ್ಕೆ 625 ಗೆರೆಗಳಿದ್ದವು. ಅವುಗಳಲ್ಲಿ ಕಣ್ಣಿಗೆ ಬೀಳುತ್ತಿದ್ದುದು 576. ಇಂದಿನ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ 73 ಸಾವಿರ ಚುಕ್ಕಿಗಳು. 4ಕೆ ಎಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160; ಅಂದರೆ ನಾಲ್ಕು ಪಟ್ಟು, ಸುಮಾರು 83 ಲಕ್ಷ. ನಾಲ್ಕು ಪಟ್ಟು ಚುಕ್ಕಿಗಳಿದ್ದರೆ ನಾಲ್ಕು ಪಟ್ಟು ಸ್ಪಷ್ಟವಾಗಿ ಕಾಣಬೇಕಲ್ಲವೆ? ಕಾಣುವುದು ಪರದೆಗೆ ಮಾತ್ರ ಬಿಟ್ಟ ವಿಷಯವಾಗಿದ್ದರೆ ಹೌದು. ಆದರೆ ನೋಡುವುದು ಕಣ್ಣು.

ಕಣ್ಣಿಗೂ ಒಂದು ಮಿತಿಯಿದೆ. ಎರಡು ಚುಕ್ಕಿಗಳು ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದರೆ, ಸಾಧಾರಣ ಆರೋಗ್ಯದ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ಒಂದೇ ಆಗಿ ಬೆರೆತುಹೋಗುತ್ತವೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಪ್ಪು ಗೆರೆಗಳಿರುವ ಸ್ಕೇಲನ್ನು ಒಳ್ಳೆಯ ಬೆಳಕಿರುವ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ, ಅದನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಒಂದು ಹಂತದಲ್ಲಿ ಮಿಲಿಮೀಟರಿನ ಗೆರೆಗಳೆಲ್ಲ ಕಲಸಿಕೊಂಡು ಬೂದು ಪಟ್ಟಿಯಾಗುತ್ತವೆ. ಹೆಚ್ಚಿನವರಿಗೆ ಇದು ನಾಲ್ಕರಿಂದ ಆರು ಅಡಿಯೊಳಗೆ ಆಗುತ್ತದೆ.

ಈಗ ಒಂದು ಸ್ವಾರಸ್ಯ ನೋಡಿ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರು. (ಇಂಚು ಎಂದು ಹೇಳುವುದು ಕರ್ಣದ ಅಳತೆ, ಅಗಲ ಬೇಕಿದ್ದರೆ ಪೈಥಾಗೊರಸನನ್ನು ಕೇಳಬೇಕು.) ಇದನ್ನು 1920ರಿಂದ ಭಾಗಿಸಿದರೆ ಒಂದು ಚುಕ್ಕಿಗೆ ಅರ್ಧ ಮಿಲಿಮೀಟರು. ಒಂದು ಕಪ್ಪು ಚುಕ್ಕಿ, ಪಕ್ಕದಲ್ಲೊಂದು ಬಿಳಿ ಚುಕ್ಕಿ ಸೇರಿದರೆ ಒಂದು ಮಿಲಿಮೀಟರು, ಸ್ಕೇಲಿನ ಗೆರೆಗಳ ಅಂತರವೇ! ಐದೂವರೆ ಅಡಿಯ ಆಚೆ ಸ್ಕೇಲಿನ ಗೆರೆಗಳು ಕಲಸಿಕೊಂಡರೆ ಈ ಟಿ.ವಿ.ಯ ಚುಕ್ಕಿಗಳೂ ಅಲ್ಲಿಗೇ ಕಲಸಿಕೊಳ್ಳುತ್ತವೆ. ಸೋಫಾ ಇರುವುದು ಹತ್ತು ಅಡಿಯಲ್ಲಿ. ಅಲ್ಲಿಂದ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠ ಚುಕ್ಕಿ ಸುಮಾರು 0.9 ಮಿಲಿಮೀಟರಿನದು. ಅಂದರೆ ಈಗಿರುವ ಟಿ.ವಿ.ಯ ಚುಕ್ಕಿಗಳನ್ನೇ ಈ ಮನೆಯವರ ಕಣ್ಣು ಪೂರ್ತಿ ಬಳಸಿಕೊಳ್ಳುತ್ತಿಲ್ಲ. ಇದೇ ಗಾತ್ರದ 4ಕೆ ಪರದೆಯ ಸೂಕ್ಷ್ಮವನ್ನೆಲ್ಲ ಕಾಣಬೇಕಾದರೆ ಮೂರು ಅಡಿಗಿಂತ ಹತ್ತಿರ ಕೂರಬೇಕು. 55 ಇಂಚಿಗೆ ಹೋದರೂ ಫುಲ್ ಎಚ್‌ಡಿ ಚುಕ್ಕಿಯ ಅಗಲ 0.63 ಮಿಲಿಮೀಟರು ಮಾತ್ರ. ಅದೂ ಮಿತಿಯ ಒಳಗೇ.

ದೊಡ್ಡ ಪರದೆಯಿಂದ ಕೆಲವೊಮ್ಮೆ ನಷ್ಟವೂ ಉಂಟು. ಡಿಶ್ ಅಥವಾ ಕೇಬಲಿನಲ್ಲಿ ಎಸ್‌ಡಿ ಎಂದು ಬರುವ ವಾಹಿನಿಗಳ ಚಿತ್ರಕ್ಕೆ ಇಂದಿಗೂ ಆ ಹಳೆಯ 576 ಗೆರೆಗಳೇ. 43 ಇಂಚಿನ ಪರದೆಯಲ್ಲಿ ಒಂದೊಂದು ಗೆರೆಯ ದಪ್ಪ 0.93 ಮಿಲಿಮೀಟರು, ಹತ್ತು ಅಡಿಯಿಂದ ಹೆಚ್ಚುಕಡಿಮೆ ಕಣ್ಣಿನ ಮಿತಿಗೆ ಸರಿಹೊಂದುತ್ತದೆ. ಅದೇ ಚಿತ್ರವನ್ನು 55 ಇಂಚಿಗೆ ಹಿಗ್ಗಿಸಿದರೆ ಗೆರೆಯ ದಪ್ಪ 1.2 ಮಿಲಿಮೀಟರು ಆಗುತ್ತದೆ. “ಹೊಸ ಟಿ.ವಿ. ತಂದ ಮೇಲೆ ಚಿತ್ರ ಮಸುಕಾಯಿತು” ಎಂದು ಕೆಲವರು ಗೊಣಗುವುದು ಸುಳ್ಳಲ್ಲ. ತಪ್ಪು ಪರದೆಯದಲ್ಲ, ಬರುವ ಚಿತ್ರದ್ದು.

ಹಾಗೆಂದು 4ಕೆ ಎಂಬುದೇ ಮೋಸ ಎನ್ನಬೇಕಾಗಿಲ್ಲ. ಏಳೆಂಟು ಅಡಿಯ ಚಿಕ್ಕ ಕೋಣೆಯಲ್ಲಿ 65 ಇಂಚಿನ ಪರದೆ ಹಾಕುವವರಿಗೆ ಅದರ ಉಪಯೋಗ ಕಾಣುತ್ತದೆ. ಈಗಂತೂ ದೊಡ್ಡ ಗಾತ್ರದಲ್ಲಿ ಬರುವುದು ಬಹುಪಾಲು 4ಕೆಯೇ, ಹಳೆಯ ಟಿ.ವಿ. ಕೆಟ್ಟುಹೋಗಿದ್ದರೆ ಅದನ್ನೇ ಕೊಳ್ಳಬೇಕು. ಆಗ ನೋಡಬೇಕಾದದ್ದು ಚುಕ್ಕಿಗಳ ಸಂಖ್ಯೆಯಲ್ಲ. ಕಪ್ಪು ಕಪ್ಪಾಗಿಯೇ ಕಾಣುತ್ತದೆಯೇ, ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆಯೇ, ಕಿಟಕಿಯ ಬೆಳಕು ಬಿದ್ದಾಗ ಪರದೆ ಕನ್ನಡಿಯಾಗುತ್ತದೆಯೇ ಎಂಬುದು. ಈ ಗುಣಗಳು ಎಷ್ಟು ದೂರದಿಂದಲೂ ಕಣ್ಣಿಗೆ ತಿಳಿಯುತ್ತವೆ. ಅಂಗಡಿಯಲ್ಲಿ ಟಿ.ವಿ.ಗಳನ್ನು ಹೊಳಪಿನ ತುತ್ತತುದಿಯಲ್ಲಿ ಇಟ್ಟಿರುತ್ತಾರೆ. ರಿಮೋಟು ಕೇಳಿ ಪಡೆದು ‘ಸಿನಿಮಾ’ ಅಥವಾ ‘ಮೂವಿ’ ವಿಧಾನಕ್ಕೆ ಬದಲಿಸಿಯೇ ಹೋಲಿಸಬೇಕು. ಮನೆಯ ಹಳೆಯ ಟಿ.ವಿ.ಯಲ್ಲೂ ಇದನ್ನು ಮಾಡಿ ನೋಡಬಹುದು, ಖರ್ಚಿಲ್ಲ. ಇನ್ನು, ಚಿತ್ರ ಚೆನ್ನಾಗಿದ್ದು ಹೊಸ ಆ್ಯಪ್‌ಗಳು ಮಾತ್ರ ಓಡುತ್ತಿಲ್ಲವಾದರೆ ಅದಕ್ಕೆ ಟಿ.ವಿ.ಯನ್ನೇ ಬದಲಿಸುವುದು ಚಪ್ಪಲಿ ಸವೆದರೆ ಕಾಲು ಬದಲಿಸಿದಂತೆ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಸಣ್ಣ ಸ್ಟ್ರೀಮಿಂಗ್ ಸ್ಟಿಕ್ ಸಾಕು.

ಮೂರು ಅಡಿಯಲ್ಲಿ ಕುಳಿತಿದ್ದ ಮಗಳ ವಿಷಯಕ್ಕೆ ಬರಬೇಕು. ಸ್ಕೇಲಿನ ಪರೀಕ್ಷೆಯನ್ನು ಮನೆಯವರೆಲ್ಲರೂ, ಒಂದೊಂದೇ ಕಣ್ಣು ಮುಚ್ಚಿಕೊಂಡು, ಮಾಡಬೇಕು. ಅಣ್ಣನಿಗೆ ಐದು ಅಡಿಯವರೆಗೂ ಬಿಡಿಬಿಡಿಯಾಗಿ ಕಂಡ ಗೆರೆಗಳು ತಂಗಿಗೆ ಎರಡು ಅಡಿಗೇ ಕಲಸಿಕೊಂಡರೆ ಆಕೆಗೆ ಬೇಕಿರುವುದು ದೊಡ್ಡ ಟಿ.ವಿ.ಯಲ್ಲ, ನೇತ್ರವೈದ್ಯರ ಭೇಟಿ. ಟಿ.ವಿ.ಯ ಹತ್ತಿರ ಕೂತು ಕಣ್ಣು ಕೆಡಿಸಿಕೊಂಡೆ ಎಂದು ಮಗುವನ್ನು ಗದರುವವರು, ದೂರದ್ದು ಕಾಣದೆ ಇರುವುದರಿಂದಲೇ ಹತ್ತಿರ ಹೋಗಿರಬಹುದೆ ಎಂದು ಒಮ್ಮೆ ಯೋಚಿಸುವುದು ಅಗತ್ಯ. ಮನೆಯಲ್ಲಿ ಟಿ.ವಿ.ಯ ಸಮೀಪ ಕೂರುವ ಮಗು ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿದ್ದರೆ ಕಪ್ಪುಹಲಗೆಯ ಮೇಲಿನದನ್ನು ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿರಬಹುದು. ಸ್ಕೇಲು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಅಲ್ಲಿ ಎಲ್ಲ ಸರಿಯಾಗಿ ಕಂಡರೂ ಅನುಮಾನವಿದ್ದರೆ ತೋರಿಸುವುದೇ ಸರಿ. ಅದಕ್ಕೆ ತಗಲುವ ಖರ್ಚು ಟಿ.ವಿ.ಯ ಒಂದು ಕಂತಿಗಿಂತ ಹೆಚ್ಚಿರಲಾರದು.

ಇನ್ನು ಅಜ್ಜಿ. ಟಿ.ವಿ. ಬದಲಿಸುವ ಮಾತು ಬಂದಾಗ ಎಲ್ಲರೂ ಮರೆಯುವುದು ಧ್ವನಿಯನ್ನು. ಹಳೆಯ ಡಬ್ಬದಂಥ ಟಿ.ವಿ.ಗಳಲ್ಲಿ ಸ್ಪೀಕರಿಗೆ ಬೇಕಾದಷ್ಟು ಜಾಗವಿತ್ತು, ಎಷ್ಟೋ ಟಿ.ವಿ.ಗಳಲ್ಲಿ ಅದರ ಮುಖ ನೋಡುವವರ ಕಡೆಗೇ ಇರುತ್ತಿತ್ತು. ಪರದೆ ತೆಳ್ಳಗಾದಂತೆ ಸ್ಪೀಕರೂ ಬಡವಾಯಿತು. ಈಗ ಅದು ಪರದೆಯ ಕೆಳಗೋ ಹಿಂದೋ ಅಡಗಿ ನೆಲಕ್ಕೆ ಅಥವಾ ಗೋಡೆಗೆ ಮಾತಾಡುತ್ತದೆ. ತಗ್ಗಿನ ಸ್ವರಕ್ಕೆ ಬಹಳಷ್ಟು ಗಾಳಿಯನ್ನು ಅಲುಗಿಸಬೇಕು. 50 ಹರ್ಟ್ಸ್ ಆವೃತ್ತಿಯ ಧ್ವನಿಯ ತರಂಗದೂರವೇ ಸುಮಾರು ಏಳು ಮೀಟರು. ಎರಡು ಬೆರಳಗಲದ ಸ್ಪೀಕರಿಗೆ ಅದು ಆಗದ ಕೆಲಸ. ಎತ್ತರದ ಆವೃತ್ತಿಯ ಧ್ವನಿಯಾದರೋ ಟಾರ್ಚಿನ ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ. ಸ್ಪೀಕರಿನ ಮುಖ ಬೇರೆಡೆಗಿದ್ದರೆ ಕೇಳುಗರನ್ನು ತಲುಪುವುದೇ ಕಡಿಮೆ.

ಕನ್ನಡ ವರ್ಣಮಾಲೆಯನ್ನು ನೆನಪಿಸಿಕೊಂಡರೆ ಅಜ್ಜಿಯ ಕಷ್ಟ ಅರ್ಥವಾಗುತ್ತದೆ. ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನ ಆವೃತ್ತಿಗಳಲ್ಲಿದೆ. ಅವು ಜೋರಾಗಿ ಕೇಳುತ್ತವೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಬಹುಮಟ್ಟಿಗೆ ಇರುವುದು 2,000ದಿಂದ 8,000 ಹರ್ಟ್ಸ್‌ವರೆಗಿನ ಎತ್ತರದಲ್ಲಿ, ಅದೂ ಕ್ಷೀಣವಾಗಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇದೇ ಎತ್ತರದ ಧ್ವನಿಗಳನ್ನು. ಹೀಗಾಗಿ ಸಾಲು, ಪಾಲು, ಹಾಲು ಎಲ್ಲವೂ ಅಜ್ಜಿಗೆ ಬರೀ ‘ಆಲು’. ಟಿ.ವಿ.ಯ ಸ್ವರ ಏರಿಸಿದರೆ ಸ್ವರಗಳೂ ಹಿನ್ನೆಲೆ ಸಂಗೀತವೂ ಇನ್ನಷ್ಟು ಅಬ್ಬರಿಸುತ್ತವೆ, ವ್ಯಂಜನ ಅಲ್ಲೇ ಮುಳುಗುತ್ತದೆ. “ಇಷ್ಟು ಜೋರಾಗಿಟ್ಟರೂ ಕೇಳಿಸೋಲ್ವಾ?” ಎಂದು ಮೊಮ್ಮಗ ರೇಗುವುದು ಅನ್ಯಾಯ. ಟಿ.ವಿ.ಯ ಧ್ವನಿ ಪಟ್ಟಿಯಲ್ಲಿ ಮಾತಿಗೆಂದೇ ಇರುವ ವಿಧಾನವನ್ನು ಆರಿಸಿ, ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿದರೆ ಸ್ವಲ್ಪ ಅನುಕೂಲ. ಕೇಳುಗರಿಗೆ ಮುಖ ಮಾಡಿದ ಸ್ಪೀಕರು ಇಟ್ಟರೆ ಹೆಚ್ಚು ಅನುಕೂಲ. ಆಗಲೂ ಕೇಳದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಹೆಸರಾದದ್ದು. ಜಿಲ್ಲಾ ಕೇಂದ್ರಗಳಲ್ಲೂ ಪರೀಕ್ಷಿಸುವವರಿದ್ದಾರೆ.

ಸ್ಪೀಕರು ಎಂದ ಕೂಡಲೇ ವ್ಯಾಟಿನ ಮಾತು ಬರುತ್ತದೆ. 1990ರ ದಶಕದಲ್ಲಿ ಟೂ-ಇನ್-ಒನ್‌ಗಳ ಮೇಲೆ ನೂರಾರು, ಸಾವಿರಾರು ವ್ಯಾಟ್ ‘ಪಿ.ಎಂ.ಪಿ.ಒ.’ ಎಂಬ ಹೊಳೆಯುವ ಚೀಟಿ ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದೇ ಪೆಟ್ಟಿಗೆಯ ಬೆನ್ನು ನೋಡಿದರೆ ಅದು ಎಳೆಯುವ ವಿದ್ಯುತ್ತು ಮೂವತ್ತೋ ನಲವತ್ತೋ ವ್ಯಾಟ್! ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ನಿರಂತರವಾಗಿ ಬರಲಾರದು ಎಂಬುದು ಶಕ್ತಿ ಸಂರಕ್ಷಣಾ ನಿಯಮ. ಜಾಹೀರಾತಿಗೂ ಅದರಿಂದ ವಿನಾಯಿತಿ ಇಲ್ಲ. ನೋಡಬೇಕಾದದ್ದು ‘ಆರ್.ಎಂ.ಎಸ್.’ ಎಂದಿರುವ ಅಂಕಿ. ಅದೂ ಬಹಳ ದೊಡ್ಡದಿರಬೇಕಿಲ್ಲ. 20 ವ್ಯಾಟ್ 40 ಆದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ‘ಸ್ವಲ್ಪ ಜೋರಾಯಿತು’ ಅನ್ನಿಸುತ್ತದೆ, ಅಷ್ಟೆ. ಇಮ್ಮಡಿ ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಅಟ್ಟದ ಮೇಲೆ ಹಳೆಯ ಆಂಪ್ಲಿಫೈಯರು, ಒಂದು ಜೊತೆ ಮರದ ಪೆಟ್ಟಿಗೆಯ ಸ್ಪೀಕರು ಇದ್ದರೆ ಗುಜರಿಗೆ ಹಾಕುವ ಮೊದಲು ಕೆಳಗಿಳಿಸಿ. ಸ್ಪೀಕರಿನ ಕೋನಿನ ಸುತ್ತಲ ಫೋಮ್ ಅಂಚು ಪುಡಿಯಾಗಿದ್ದರೂ ಹೊಸದು ಅಂಟಿಸಿಕೊಡುವವರಿದ್ದಾರೆ, ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಟಿ.ವಿ.ಯ ಹಿಂದೆ ‘ಆಪ್ಟಿಕಲ್’ ಎಂಬ ಸಣ್ಣ ಕಿಂಡಿಯಿದ್ದರೆ ಅದರಿಂದ ಧ್ವನಿ ಬೆಳಕಿನ ರೂಪದಲ್ಲಿ ಹೊರಬರುತ್ತದೆ. ಪಿ.ಯು.ಸಿ. ಪುಸ್ತಕದ ಸಂಪೂರ್ಣ ಆಂತರಿಕ ಪ್ರತಿಫಲನ ಇಲ್ಲಿ ಮನೆಗೆಲಸಕ್ಕೆ ಬಂದಿದೆ! ಆ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿಸಲು ‘ಡ್ಯಾಕ್’ ಎಂಬ ಬೆಂಕಿಪೊಟ್ಟಣದಂಥ ಪೆಟ್ಟಿಗೆ ಬೇಕು. ಅದರ ಕೆಂಪು, ಬಿಳಿ ತಂತಿಗಳನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಟಿ.ವಿ.ಯಲ್ಲಿ ಧ್ವನಿಯನ್ನು ‘ಪಿ.ಸಿ.ಎಂ.’ಗೆ ಇಟ್ಟರೆ ಮುಗಿಯಿತು. ಬ್ಲೂಟೂತ್ ಸುಲಭವಾದರೂ ಧ್ವನಿ ತುಸು ಹಿಂದುಳಿದು, ತುಟಿ ಮೊದಲು, ಮಾತು ಆಮೇಲೆ ಆಗುವುದುಂಟು.

ಸ್ಪೀಕರಿಗೆ ಹೋಗುವ ಕೆಂಪು, ಕಪ್ಪು ತಂತಿಗಳು ಒಂದು ಕಡೆ ಅದಲುಬದಲಾದರೆ ಒಂದು ಸ್ಪೀಕರು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಗ್ಗಿನ ಸ್ವರಗಳು ಪರಸ್ಪರ ನುಂಗಿಕೊಂಡು ಧ್ವನಿ ಪೇಲವವಾಗುತ್ತದೆ. ಮಗ ಬೇಕೆಂದೇ ಹೀಗೆ ಜೋಡಿಸಿ ನೋಡಲಿ, ಮರೆಯಲಾರದ ಪಾಠ. ಆಂಪ್ಲಿಫೈಯರನ್ನು ಮಾತ್ರ ಆರಿಸಿ, ಪ್ಲಗ್ ಕಿತ್ತಿರಬೇಕು.

ಸ್ಪೀಕರುಗಳನ್ನು ಕುಳಿತವರ ಕಿವಿಯ ಎತ್ತರಕ್ಕೆ, ಪರದೆಯ ಎರಡು ಬದಿಗೆ, ಮೂಲೆಯಿಂದ ದೂರವಿಟ್ಟು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಬೇಕು. ‘ಝಣ್’ ಎಂದು ಉಲಿದರೆ ಗ್ರಾನೈಟ್ ನೆಲ, ಬರಿಗೋಡೆಗಳು ಧ್ವನಿಯನ್ನು ಚೆಂಡಾಡುತ್ತಿವೆ ಎಂದರ್ಥ. ಒಂದು ಜಮಖಾನೆ, ದಪ್ಪ ಪರದೆಬಟ್ಟೆ, ಪುಸ್ತಕ ತುಂಬಿದ ಕಪಾಟು ಇಷ್ಟಿದ್ದರೆ ಮಾತು ತಿಳಿಯಾಗುತ್ತದೆ.

ನಮ್ಮ ಕಲ್ಪನೆಯ ಮನೆಯಲ್ಲಿ ಈ ದಸರೆಗೆ ಬಂದದ್ದು ಒಂದು ಡ್ಯಾಕ್, ಒಂದು ಜಮಖಾನೆ, ಒಂದು ಕನ್ನಡಕ. ಅಜ್ಜಿ ಧಾರಾವಾಹಿಯ ಮಾತನ್ನು ಬಹುಪಾಲು ಹಿಡಿಯುತ್ತಾರೆ, ಟೀಕೆಯನ್ನೂ ಮಾಡುತ್ತಾರೆ. ಮಗಳು ನೆಲ ಬಿಟ್ಟು ಸೋಫಾಕ್ಕೆ ಬಂದಿದ್ದಾಳೆ. ಈಗ ಅಣ್ಣ-ತಂಗಿಯರ ಜಗಳ ಟಿ.ವಿ.ಗಾಗಿ ಅಲ್ಲ, ನಡುವಿನ ಜಾಗಕ್ಕಾಗಿ.