ಮೈಲುತುತ್ತಕ್ಕೆ ಅಂದಾಜು ಸಾಲದು, ಲೆಕ್ಕ ಬೇಕು

ಮುಂಗಾರು ಹತ್ತಿರವಾದಂತೆ ಅಡಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಬಗ್ಗೆ ಬರೆದು, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇಷ್ಟು ವರ್ಷಗಳಾದರೂ ನಮ್ಮಲ್ಲಿ ಅನೇಕರು ಅದನ್ನು ಕೈ ಅಂದಾಜಿನಲ್ಲೇ ಕಲಸುತ್ತಾರೆ. ಕಾಯಿ ಉದುರಿದರೆ ದೂರು ಮಾತ್ರ ಔಷಧಿಯ ಮೇಲೆ.

ಶೇಕಡಾ 1ರ ದ್ರಾವಣವೆಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ದಿನವೂ ತೂಗುವುದು ಕಷ್ಟವೆಂದು ಕೆಲವರು 1 ಕಿಲೋ ಮೈಲುತುತ್ತವನ್ನು ಕರಗಿಸಿ ಒಟ್ಟು 10 ಲೀಟರ್ ಮಾಡಿಟ್ಟುಕೊಳ್ಳುತ್ತಾರೆ. ಸುಣ್ಣವನ್ನೂ ಹಾಗೆಯೇ ಬೇರೆ ಪಾತ್ರೆಯಲ್ಲಿ. ಇದು ಒಳ್ಳೆಯ ಪದ್ಧತಿ. ಈ ಗಟ್ಟಿ ದ್ರಾವಣ ಶೇಕಡಾ 10ರದು. ನಮಗೆ ಬೇಕಾದದ್ದು ಶೇಕಡಾ 1. ಆದ್ದರಿಂದ ತಯಾರಾಗಬೇಕಾದ ಒಟ್ಟು ಔಷಧಿಯ ಹತ್ತರಲ್ಲೊಂದು ಪಾಲು ಸಾಕು. 60 ಲೀಟರಿಗೆ 6 ಲೀಟರ್ ಮೈಲುತುತ್ತದ ನೀರು, 6 ಲೀಟರ್ ಸುಣ್ಣದ ನೀರು.

ತಪ್ಪುವುದು ಇಲ್ಲಿಯೇ. ಹಿಂದೊಮ್ಮೆ ನಾನೂ 60 ಲೀಟರ್ ನೀರು ತುಂಬಿ, ಅದರ ಮೇಲೆ ಈ 12 ಲೀಟರ್ ಸುರಿದೆ. ಒಟ್ಟು 72 ಲೀಟರಾಯಿತು. ಶಕ್ತಿ ಶೇಕಡಾ 0.83ಕ್ಕೆ ಇಳಿಯಿತು. 60 ಎಂಬುದು ಹಾಕುವ ನೀರಲ್ಲ, ಎಲ್ಲ ಸೇರಿದ ಮೇಲಿನ ಅಳತೆ.

ಗಟ್ಟಿ ದ್ರಾವಣಗಳೆರಡನ್ನೂ ನೇರ ಬೆರೆಸಬಾರದು. ಒಂದೊಂದಕ್ಕೂ ನೀರು ಸೇರಿಸಿ 30 ಲೀಟರ್ ಮಾಡಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಹಳೆಯ ಸುಣ್ಣವಾದರೆ ಹೀಗಾಗುವುದುಂಟು. ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು.

"ಸ್ವಲ್ಪ ಜಾಸ್ತಿಯೇ ಇರಲಿ" ಎನ್ನುವವರಿದ್ದಾರೆ. ಮೈಲುತುತ್ತ ಹೆಚ್ಚಾಗಿ ಸುಣ್ಣ ಕಡಿಮೆಯಾದರೆ ಎಳೆಯ ಭಾಗ ಸುಡುತ್ತದೆ, ಹಣವೂ ದಂಡ.

ಪ್ರಾಣವನ್ನು ಕೈಯಲ್ಲಿ ಹಿಡಿದು ಮರ ಹತ್ತುವವನ ಶ್ರಮ ಕೆಳಗೆ ಬ್ಯಾರಲಿನಲ್ಲಾದ ತಪ್ಪಿನಿಂದ ವ್ಯರ್ಥವಾಗಬಾರದು. ಮೈಲುತುತ್ತ ಮಾರುವ ಪ್ರತಿ ಸಹಕಾರಿ ಸಂಘವೂ ಈ ಲೆಕ್ಕವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ತೂಗುಹಾಕಲಿ. ಅಳತೆಯ ಗೆರೆಯಿರುವ ಬಕೆಟ್ಟನ್ನೂ ಒದಗಿಸಲಿ. ಅಡಕೆ ಮಾರುವಾಗ ಗ್ರಾಮಿಗೂ ಜಗಳವಾಡುವ ನಾವು ಔಷಧಿ ಬೆರೆಸುವಾಗ ಯಾಕೆ ಉದಾರಿಗಳಾಗಬೇಕು?